ಮನೆಯ ರೂಟರ್ ಹೊರಗಿನಿಂದ ಸಿಗುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಊರಿನ ಮನೆಗೆ ಫೈಬರ್ ಬಂದಿದೆ. ಅಂಗಳಕ್ಕೆ, ಅಡಿಕೆ ಒಣಗಿಸುವ ಜಾಗಕ್ಕೆ ಕ್ಯಾಮೆರಾ ಹಾಕಿಸಿದ್ದಾಯಿತು. ಒಳಗೆ ಕ್ಯಾಮೆರಾಗಳ ಚಿತ್ರ ದಾಖಲಿಸುವ ಡಿವಿಆರ್ ಇದೆ. ಪಕ್ಕದಲ್ಲಿರುವ ಹಳೆಯ ಕಂಪ್ಯೂಟರಿನಲ್ಲಿ ಫೋಟೊ, ಪಹಣಿ, ಬ್ಯಾಂಕಿನ ಕಾಗದಗಳೆಲ್ಲ ಇವೆ. ಇವನ್ನು ಬೆಂಗಳೂರಿನಲ್ಲಿ ಕೂತು ನೋಡಬೇಕು. ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದ್ದೂ ಆಯಿತು. ಅಂದರೆ ಹೊರಗಿನಿಂದ ಇಂಥ ಪೋರ್ಟಿಗೆ (ಸಂಖ್ಯೆ ಬರೆದ ಬಾಗಿಲು ಎನ್ನಿ) ಬಂದದ್ದನ್ನು ಒಳಗಿನ ಇಂಥ ಉಪಕರಣಕ್ಕೆ ಕೊಡು ಎಂದು ರೂಟರಿಗೆ ಹೇಳಿದ್ದು. ಮನೆಯೊಳಗೆ ಎಲ್ಲ ಸರಿಯಾಗಿ ತೆರೆಯುತ್ತದೆ. ಮನೆ ದಾಟಿದರೆ ಮಾತ್ರ ಏನೂ ಬರುವುದಿಲ್ಲ.

ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಪೋರ್ಟ್ ಫಾರ್ವರ್ಡಿಂಗ್ ಪುಟಕ್ಕೇ ಮತ್ತೆ ಮತ್ತೆ ಹೋಗುತ್ತಾರೆ. ಪೋರ್ಟ್ ನಂಬರ್ ಬದಲಿಸುತ್ತಾರೆ, ಅಳಿಸಿ ಹೊಸದಾಗಿ ಬರೆಯುತ್ತಾರೆ, ಕೊನೆಗೆ ಬೇಸತ್ತು ಡಿಎಂಝಡ್ (ಒಂದು ಉಪಕರಣದ ಎಲ್ಲ ಪೋರ್ಟುಗಳನ್ನೂ ಹೊರಗೆ ತೆರೆದಿಡುವ ಆಯ್ಕೆ) ಆನ್ ಮಾಡುತ್ತಾರೆ. ದೋಷ ಆ ಪುಟದಲ್ಲಿ ಇರುವುದು ಕಡಿಮೆ. ಇವತ್ತಿನ ಮನೆ ಇಂಟರ್ನೆಟ್ಟಿನಲ್ಲಿ ಅದು ಬಹುಪಾಲು ರೂಟರಿಗಿಂತ ಮುಂಚೆಯೇ ಇರುತ್ತದೆ. ಆಗ ಆ ಪುಟದಲ್ಲಿ ನೀವು ಏನು ಬರೆದರೂ ಪ್ರಯೋಜನವಿಲ್ಲ.

ನಿಮ್ಮ ಮೊಬೈಲಿನಿಂದ ಹೊರಟ ಕೋರಿಕೆ ಮೊದಲು ಇಂಟರ್ನೆಟ್ ಸೇವೆಯವರ ಜಾಲಕ್ಕೆ ಬರುತ್ತದೆ. ಅಲ್ಲಿಂದ ಮನೆಯ ಫೈಬರ್ ಡಬ್ಬಿಗೆ, ಅಲ್ಲಿಂದ ನಿಮ್ಮ ರೂಟರಿಗೆ, ಆಮೇಲೆ ಡಿವಿಆರಿಗೋ ಕಂಪ್ಯೂಟರಿಗೋ ಬರುತ್ತದೆ. ಕೊನೆಗೆ ಅದರೊಳಗಿನ ಪ್ರೋಗ್ರಾಮಿಗೆ ಮುಟ್ಟಬೇಕು. ಉತ್ತರ ಅದೇ ದಾರಿಯಲ್ಲಿ ವಾಪಸ್ ಹೋಗಬೇಕು. ಈ ದಾರಿಯಲ್ಲಿ ಎಲ್ಲಿ ಕಡಿದಿದೆ ಎಂದು ಗೊತ್ತಾಗುವ ತನಕ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಮುಟ್ಟಿದರೂ ಒಂದು ಸಲಕ್ಕೆ ಒಂದೇ ಬದಲಾಯಿಸಿ, ಹಳೆಯದನ್ನು ಫೋಟೊ ತೆಗೆದಿಟ್ಟುಕೊಳ್ಳಿ.

ಇನ್ನೊಂದು ಮಾತು. ಬರೀ ಕ್ಯಾಮೆರಾ ನೋಡುವುದಷ್ಟೇ ಬೇಕಿದ್ದರೆ ಇದ್ಯಾವುದೂ ಬೇಡದಿರಬಹುದು. ಈಗಿನ ಡಿವಿಆರುಗಳ ಮೇಲಿನ ಕ್ಯೂಆರ್ ಕೋಡನ್ನು ಕಂಪನಿಯ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ಸಾಕು. ಡಿವಿಆರೇ ಕಂಪನಿಯ ಸರ್ವರಿಗೆ ಸಂಪರ್ಕ ಮಾಡಿಕೊಂಡು ಚಿತ್ರ ಕಳಿಸುತ್ತದೆ, ಪೋರ್ಟ್ ತೆರೆಯುವ ಗೊಡವೆ ಇಲ್ಲ. ಕಂಪ್ಯೂಟರ್, ಫೈಲುಗಳು, ರೂಟರಿನ ಪುಟ ಇವೂ ಬೇಕು, ಅಥವಾ ಕಂಪನಿಯ ಸರ್ವರ್ ನಡುವೆ ಬೇಡ ಎನ್ನುವವರು ಮುಂದೆ ಓದಿ.

ಮೊದಲು ಮನೆಯೊಳಗೆ

ಮನೆಯಲ್ಲಿ ಯಾರಾದರೂ ಇದ್ದರೆ ಒಂದು ಫೋನ್ ಮಾಡಿ. "ಅಪ್ಪಾ, ಗೋಡೆ ಮೇಲಿನ ಬಿಳಿ ಡಬ್ಬಿ ಸ್ವಲ್ಪ ನೋಡಿ. ಎಲ್‌ಒಎಸ್ ಅಂತ ಬರೆದಿರೋ ಕಡೆ ಕೆಂಪು ಲೈಟ್ ಇದೆಯಾ?" ಕೆಂಪು ಲೈಟ್ ಉರಿಯುತ್ತಿದ್ದರೆ ಅಥವಾ ಮಿಣುಕುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಎಂದರ್ಥ. ಎಲ್ಲೋ ಕೊಂಬೆ ಬಿದ್ದು ಕೇಬಲ್ ಕಡಿದಿರಬಹುದು, ಕಪಾಟು ಸರಿಸುವಾಗ ಹಳದಿ ವೈರು ಮಡಚಿರಬಹುದು. ಅದು ನಿಮ್ಮ ಕೈಯಲ್ಲಿಲ್ಲ, ಲೈನ್‌ಮ್ಯಾನ್ ಬರಬೇಕು. ಪಿಒಎನ್ ಎಂಬ ಕಡೆ ಹಸಿರು ನಿಂತು ಉರಿಯುತ್ತಿದ್ದರೆ ಲೈನ್ ಸರಿಯಿದೆ.

ಆಮೇಲೆ ಮನೆಯ ವೈಫೈಗೆ ಸೇರಿದ ಫೋನಿನಿಂದಲೇ ಡಿವಿಆರಿನ ಒಳವಿಳಾಸ ತೆರೆದು ನೋಡಲು ಹೇಳಿ. 192.168.1.50 ಎಂದಿಟ್ಟುಕೊಳ್ಳೋಣ. ಮನೆಯೊಳಗೇ ತೆರೆಯದಿದ್ದರೆ ಹೊರಗಿನ ಮಾತು ಆಮೇಲೆ. ಯಾವ ಪೋರ್ಟಿನಲ್ಲಿ ತೆರೆಯಿತು ಎಂದು ಬರೆದಿಟ್ಟುಕೊಳ್ಳಿ. ಬ್ರೌಸರಿನಲ್ಲಿ ಬರುವ ಪುಟಕ್ಕೆ ಸಾಮಾನ್ಯವಾಗಿ 80. ಆದರೆ ಆ್ಯಪ್ ಬಳಸುವ ಪೋರ್ಟ್ ಬೇರೆ: ಹಿಕ್‌ವಿಷನ್‌ನಲ್ಲಿ 8000, ಡಹುವಾದಲ್ಲಿ 37777. ಬ್ರೌಸರಿನ ಪೋರ್ಟ್ ತೆರೆದು ಆ್ಯಪ್ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬೇಕಾದಷ್ಟು ಜನ.

ವ್ಯಾನ್ ವಿಳಾಸ ಏನು ಹೇಳುತ್ತದೆ

ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ಎರಡು ನಿಮಿಷ ಸಾಕು.

ರೂಟರಿನ ಪುಟಕ್ಕೆ ಲಾಗಿನ್ ಆಗಿ. ಸ್ಟೇಟಸ್ ಅಥವಾ ಇಂಟರ್ನೆಟ್ ಎಂಬ ಕಡೆ ವ್ಯಾನ್ ಐಪಿ ಎಂದು ಒಂದು ವಿಳಾಸ ಇರುತ್ತದೆ, ಅದು ರೂಟರಿನ ಹೊರಬದಿಯ ವಿಳಾಸ. ಅದನ್ನು ಬರೆದುಕೊಳ್ಳಿ. ಈಗ ಅದೇ ವೈಫೈನಲ್ಲಿರುವ ಫೋನಿನಿಂದ "ನನ್ನ ಐಪಿ ಏನು" ಎಂದು ಹುಡುಕಿ. ಹೊರಜಗತ್ತಿಗೆ ಕಾಣುವ ವಿಳಾಸ ಬರುತ್ತದೆ. ಎರಡೂ ಒಂದೇ ಆಗಿದ್ದರೆ ನೀವು ಪುಣ್ಯವಂತರು, ಇಲ್ಲಿಂದ ಫಾರ್ವರ್ಡಿಂಗ್ ಭಾಗಕ್ಕೆ ಹೋಗಿ.

ಬೇರೆ ಬೇರೆ ಆಗಿದ್ದರೆ ವ್ಯಾನ್ ವಿಳಾಸದ ಮೊದಲ ಎರಡು ಅಂಕಿಗಳನ್ನು ನೋಡಿ. 100ರಿಂದ ಶುರುವಾಗಿ ಎರಡನೆಯ ಅಂಕಿ 64ರಿಂದ 127ರ ಒಳಗಿದ್ದರೆ ಅನುಮಾನವೇ ಬೇಡ, ನೀವು ಸಿಜಿನ್ಯಾಟ್‌ನ (ಒಂದೇ ಹೊರವಿಳಾಸವನ್ನು ಎಷ್ಟೋ ಮನೆಗಳಿಗೆ ಹಂಚುವ ವ್ಯವಸ್ಥೆ) ಹಿಂದೆ ಇದ್ದೀರಿ. ಈ ವಿಳಾಸಗಳ ಗುಂಪನ್ನು 2012ರ ಏಪ್ರಿಲಿನಲ್ಲಿ ಇದಕ್ಕೆಂದೇ ತೆಗೆದಿಟ್ಟರು. 10ರಿಂದ ಶುರುವಾದರೂ ಹೆಚ್ಚಾಗಿ ಅದೇ ಕತೆ. 192.168 ಇದ್ದರೆ ಮನೆಯಲ್ಲೇ ಇನ್ನೊಂದು ರೂಟರ್ ಅಡ್ಡ ಇದೆ, ಅದನ್ನು ಮುಂದೆ ನೋಡೋಣ. 172.16ರಿಂದ 172.31ರ ತನಕದ್ದೂ ಖಾಸಗಿ ವಿಳಾಸವೇ. ಅದು ಎರಡರಲ್ಲಿ ಯಾವುದೂ ಆಗಿರಬಹುದು.

ಸಿಜಿನ್ಯಾಟ್ ಯಾಕೆ ಬಂತು? ಹಳೆಯ ಐಪಿವಿ4 ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ ಅಷ್ಟೇ. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಖಾಲಿಯಾಯಿತು. ಏಷ್ಯಾದ ಪಾಲು ಅದೇ ಏಪ್ರಿಲಿನಲ್ಲಿ ತಳ ಮುಟ್ಟಿತು. ನಮ್ಮ ದೇಶದಲ್ಲಿ ಮನೆ ಮನೆಗೆ ಫೈಬರ್ ಬಂದದ್ದು ಅದಾದ ಮೇಲೆ. ಕೊಡಲು ವಿಳಾಸ ಇಲ್ಲ. ಹಾಗಾಗಿ ಒಂದೇ ವಿಳಾಸದ ಹಿಂದೆ ಎಷ್ಟೋ ಮನೆಗಳನ್ನು ಕೂರಿಸುತ್ತಾರೆ. ಹಿಂದೆ ವಠಾರಕ್ಕೆಲ್ಲ ಒಂದೇ ಫೋನಿದ್ದು, ಎಲ್ಲರೂ ಅದನ್ನೇ ಪಿ.ಪಿ. ನಂಬರ್ ಎಂದು ಕೊಡುತ್ತಿದ್ದರಲ್ಲ, ಹಾಗೆ. ವ್ಯತ್ಯಾಸ ಇಷ್ಟೇ: ಆಗ ಫೋನ್ ಎತ್ತಿದವರು ಕೂಗಿ ಕರೆಯುತ್ತಿದ್ದರು. ಸಿಜಿನ್ಯಾಟ್ ಯಾರನ್ನೂ ಕರೆಯುವುದಿಲ್ಲ. ನೀವು ಹೊರಗೆ ಹೋಗಬಹುದು, ಹೋದದ್ದರ ಉತ್ತರ ವಾಪಸ್ ಬರುತ್ತದೆ. ಹೊರಗಿನಿಂದ ತಾನಾಗಿ ಬಂದ ಕೋರಿಕೆ ಯಾರ ಮನೆಗೆ ಎಂದು ಅದಕ್ಕೆ ಗೊತ್ತಿಲ್ಲ, ಅಲ್ಲೇ ಬಿಟ್ಟುಬಿಡುತ್ತದೆ. ನಿಮ್ಮ ರೂಟರಿಗೆ ಸುದ್ದಿಯೂ ಬರುವುದಿಲ್ಲ.

ಇನ್ನೂ ಖಚಿತ ಮಾಡಿಕೊಳ್ಳಬೇಕಾದರೆ ಮನೆಯ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು, ಟ್ರೇಸರ್ಟ್ ಆಜ್ಞೆಗೆ ಆ ಹೊರಗಿನ ವಿಳಾಸವನ್ನು ಕೊಡಿ. ವಿಳಾಸ ನಿಮ್ಮ ರೂಟರಿನದ್ದೇ ಆಗಿದ್ದರೆ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತದೆ. ಮೂರು ನಾಲ್ಕು ಹೆಜ್ಜೆ ಆಚೆ ಹೋದರೆ ಆ ವಿಳಾಸ ನಿಮ್ಮದಲ್ಲ.

ಸಹಾಯವಾಣಿಗೆ ಫೋನ್ ಮಾಡಿದಾಗ "ರೂಟರ್ ರೀಸ್ಟಾರ್ಟ್ ಮಾಡಿ ಸರ್" ಎನ್ನುವುದು ಗ್ಯಾರಂಟಿ. ಅದನ್ನು ಮಾಡಿ, ಆದರೆ ಪ್ರಶ್ನೆಯನ್ನು ನೇರವಾಗಿ ಕೇಳಿ: "ನನ್ನ ಕನೆಕ್ಷನ್‌ಗೆ ಪಬ್ಲಿಕ್ ಐಪಿ ಇದೆಯಾ, ಸಿಜಿನ್ಯಾಟ್ ಇದೆಯಾ? ಸ್ಟ್ಯಾಟಿಕ್ ಐಪಿಗೆ ತಿಂಗಳಿಗೆ ಎಷ್ಟು?" ಪಬ್ಲಿಕ್ ಐಪಿ ಎಂದರೆ ನಿಮಗೊಬ್ಬರಿಗೇ ಸೇರಿದ ಹೊರವಿಳಾಸ, ಸ್ಟ್ಯಾಟಿಕ್ ಎಂದರೆ ಅದು ಬದಲಾಗದ್ದು. ಈ ಮಾತು ಕೇಳಿದ ಕೂಡಲೇ ಕರೆ ಬೇರೆಯವರಿಗೆ ಹೋಗುತ್ತದೆ. ಅವರಿಗೆ ಉತ್ತರ ಗೊತ್ತಿರುತ್ತದೆ. ಊರಿನ ಕೇಬಲ್ ಆಪರೇಟರ್ ಹತ್ತಿರ ಕನೆಕ್ಷನ್ ಇದ್ದರೆ ಇನ್ನೂ ಸಲೀಸು, ಅವರ ಹುಡುಗನನ್ನೇ ಕೇಳಬಹುದು. ಸಿಮ್ ಹಾಕುವ ರೂಟರ್, 5ಜಿ ಮೇಲೆ ಬರುವ ಮನೆ ಇಂಟರ್ನೆಟ್ ಇದ್ದವರು ಐಪಿವಿ4ರ ಆಸೆ ಬಿಡುವುದೇ ವಾಸಿ.

ಎರಡು ಡಬ್ಬಿ ಇದ್ದರೆ

ಫೈಬರ್ ಡಬ್ಬಿ ಸೇವೆಯವರು ಕೊಟ್ಟದ್ದು. ಅದರ ವೈಫೈ ಮಹಡಿಗೆ ಬರುವುದಿಲ್ಲ ಎಂದು ನೀವು ಒಂದು ಒಳ್ಳೆಯ ರೂಟರ್ ತಂದು ಅದಕ್ಕೆ ಚುಚ್ಚಿದ್ದೀರಿ. ಫೈಬರ್ ಡಬ್ಬಿಯೂ ಒಂದು ರೂಟರೇ. ಈಗ ಮನೆಯಲ್ಲಿ ಎರಡು ಬಾಗಿಲು, ನೀವು ತೆರೆದದ್ದು ಒಳಬಾಗಿಲು ಮಾತ್ರ. ನಿಮ್ಮ ರೂಟರಿನ ವ್ಯಾನ್ ವಿಳಾಸ 192.168ರಲ್ಲಿ ಇದ್ದರೆ ಇದೇ ಆಗಿದೆ.

ಹಾಗೆಂದು ತಕ್ಷಣ ಎರಡು ಕಡೆ ಫಾರ್ವರ್ಡಿಂಗ್ ಬರೆಯಲು ಹೋಗಬೇಡಿ. ಮೊದಲು ಫೈಬರ್ ಡಬ್ಬಿಯ ಪುಟಕ್ಕೆ ಹೋಗಿ ಅದರ ವ್ಯಾನ್ ವಿಳಾಸ ನೋಡಿ. ಅಲ್ಲಿ 100.64ರ ಗುಂಪಿನದ್ದು ಕಂಡರೆ ಎರಡೂ ತೊಂದರೆ ಒಟ್ಟಿಗೆ ಇವೆ, ಒಂದನ್ನು ಸರಿ ಮಾಡಿ ಉಪಯೋಗವಿಲ್ಲ. ಅಲ್ಲಿ ನಿಜವಾದ ಹೊರವಿಳಾಸ ಇದ್ದರೆ ಎರಡು ದಾರಿ ಇವೆ. ನಿಮ್ಮ ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಬರೀ ವೈಫೈ ಕೊಡುವಂತೆ) ಹಾಕಿ, ಎಲ್ಲ ಕೆಲಸ ಫೈಬರ್ ಡಬ್ಬಿಗೇ ಬಿಡುವುದು ಒಂದು. ಡಬ್ಬಿಯನ್ನು ಬ್ರಿಡ್ಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಬರೀ ಸಂಪರ್ಕ ದಾಟಿಸುವಂತೆ) ಹಾಕಿಸಿ, ಸೇವೆಯವರ ಜಾಲಕ್ಕೆ ಲಾಗಿನ್ ಆಗುವ ಪಿಪಿಪಿಒಇ ಯೂಸರ್‌ನೇಮ್ ಮತ್ತು ಪಾಸ್‌ವರ್ಡನ್ನು ನಿಮ್ಮ ರೂಟರಿನಲ್ಲಿ ಬರೆಯುವುದು ಇನ್ನೊಂದು. ನನಗೆ ಎರಡನೆಯದೇ ಇಷ್ಟ. ಸೇವೆಯವರು ಡಬ್ಬಿಯ ಸೆಟ್ಟಿಂಗನ್ನು ದೂರದಿಂದಲೇ ಬದಲಿಸಬಲ್ಲರು, ಅದಕ್ಕೆ ಟಿಆರ್-069 ಎಂಬ ವ್ಯವಸ್ಥೆಯೇ ಇದೆ. ನೀವು ಅಲ್ಲಿ ಬರೆದ ಫಾರ್ವರ್ಡಿಂಗ್ ಒಂದು ದಿನ ಬೆಳಗ್ಗೆ ಎದ್ದಾಗ ಮಾಯವಾಗಿದ್ದರೆ ಆಶ್ಚರ್ಯಪಡಬೇಡಿ. ಬ್ರಿಡ್ಜ್ ಮಾಡಿಸುವಾಗ ವಿಎಲ್ಯಾನ್ ಸಂಖ್ಯೆಯನ್ನೂ (ಸೇವೆಯವರು ಲೈನಿನಲ್ಲಿ ಇಂಟರ್ನೆಟ್ಟಿಗೆ ಇಟ್ಟ ಗುರುತು) ಕೇಳಿ ಬರೆದುಕೊಳ್ಳಿ. ಅದು ತಪ್ಪಿದರೆ ಇಂಟರ್ನೆಟ್ಟೇ ಬರುವುದಿಲ್ಲ.

ಫಾರ್ವರ್ಡಿಂಗ್ ಪುಟ

ಇಷ್ಟಾದ ಮೇಲೆ ಈ ಪುಟಕ್ಕೆ ಬರಬೇಕು. ಕೆಲವು ರೂಟರಿನಲ್ಲಿ ಇದಕ್ಕೆ ವರ್ಚುವಲ್ ಸರ್ವರ್ ಎಂಬ ಹೆಸರಿರುತ್ತದೆ. ಪೋರ್ಟ್ ಟ್ರಿಗರಿಂಗ್ ಎಂಬುದು ಬೇರೆ, ಅದನ್ನು ಮುಟ್ಟಬೇಡಿ. ಇಲ್ಲಿ ತಪ್ಪಾಗುವುದು ಮೂರು ಕಡೆ. ಒಳವಿಳಾಸ ಹಳೆಯದಾಗಿರುತ್ತದೆ, ಟಿಸಿಪಿ ಬದಲು ಯುಡಿಪಿ (ಎರಡೂ ಮಾಹಿತಿ ಸಾಗಿಸುವ ಬೇರೆ ಬೇರೆ ವಿಧಾನ) ಆರಿಸಿರುತ್ತಾರೆ, ಇಲ್ಲವೇ ಒಳಪೋರ್ಟ್ ಮತ್ತು ಹೊರಪೋರ್ಟ್ ಅದಲುಬದಲಾಗಿರುತ್ತವೆ.

ಮೊದಲನೆಯದೇ ಜಾಸ್ತಿ. ಇವತ್ತು 192.168.1.50 ಆಗಿದ್ದ ಡಿವಿಆರ್, ಕರೆಂಟ್ ಹೋಗಿ ಬಂದ ಮೇಲೆ 192.168.1.7 ಆಗಿರಬಹುದು. ಫಾರ್ವರ್ಡಿಂಗ್ ಮಾತ್ರ 50ಕ್ಕೇ ಕಳಿಸುತ್ತಿರುತ್ತದೆ. ರೂಟರ್ ಒಳವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಎಂಬ ಕಡೆ ಆ ಉಪಕರಣದ ಮ್ಯಾಕ್ ವಿಳಾಸಕ್ಕೆ (ಉಪಕರಣದ ಗುರುತಿನ ಸಂಖ್ಯೆ) ಒಂದೇ ಐಪಿ ಕಟ್ಟಿಹಾಕಿ. ಹಳೆಯ ಆಂಡ್ರಾಯ್ಡ್ ಫೋನನ್ನೇ ಕ್ಯಾಮೆರಾ ಮಾಡಿಕೊಂಡವರು ಗಮನಿಸಿ: ಆಂಡ್ರಾಯ್ಡ್ 10ರಿಂದ ಈಚೆಗೆ ಫೋನುಗಳು ವೈಫೈಗೆ ಕೃತಕ ಮ್ಯಾಕ್ ವಿಳಾಸ ತೋರಿಸುತ್ತವೆ. ಫೋನಿನಲ್ಲಿ ಮನೆಯ ವೈಫೈನ ಸೆಟ್ಟಿಂಗಿಗೆ ಹೋಗಿ ಅದನ್ನು ಆಫ್ ಮಾಡಿ, ಆಮೇಲೆ ಕಟ್ಟಿಹಾಕಿ.

ಪರೀಕ್ಷೆ ಮಾಡುವಾಗ ಫೋನಿನ ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಿಂದ ನೋಡಿ. ಮನೆಯ ವೈಫೈನಲ್ಲೇ ಕೂತು ಮನೆಯ ಹೊರವಿಳಾಸ ತೆರೆದರೆ ಎಷ್ಟೋ ರೂಟರುಗಳಿಗೆ ಆ ಯು ಟರ್ನ್ ಹೊಡೆಯಲು ಬರುವುದಿಲ್ಲ. ಎಲ್ಲ ಸರಿಯಿದ್ದರೂ ಕೆಟ್ಟಂತೆ ಕಾಣುತ್ತದೆ. ಪೋರ್ಟ್ ಪರೀಕ್ಷಿಸುವ ತಾಣಗಳನ್ನು ಬಳಸುವಾಗಲೂ ಒಂದು ಎಚ್ಚರ: ಒಳಗೆ ಡಿವಿಆರ್ ಆಫ್ ಆಗಿದ್ದರೆ ಫಾರ್ವರ್ಡಿಂಗ್ ಸರಿಯಿದ್ದರೂ ಪೋರ್ಟ್ ಮುಚ್ಚಿದೆ ಎಂದೇ ತೋರಿಸುತ್ತದೆ. 25, 80, 443, 445 ಈ ಪೋರ್ಟುಗಳನ್ನು ಕೆಲವು ಸೇವೆಯವರೇ ತಡೆಯುತ್ತಾರೆ. ಹೊರಪೋರ್ಟ್‌ಗೆ 80 ಕೊಟ್ಟು ಬರದಿದ್ದರೆ 48080 ಥರದ ದೊಡ್ಡ ಸಂಖ್ಯೆ ಕೊಟ್ಟು ನೋಡಿ.

ದೊಡ್ಡ ಸಂಖ್ಯೆ ಕೊಟ್ಟರೆ ಕಳ್ಳರಿಗೆ ಸಿಗುವುದಿಲ್ಲ ಎಂದುಕೊಳ್ಳಬೇಡಿ. ಹೊರಗೆ ತೆರೆದ ಪೋರ್ಟುಗಳನ್ನು ಯಂತ್ರಗಳು ಹಗಲೂ ರಾತ್ರಿ ತಟ್ಟುತ್ತಿರುತ್ತವೆ. 2016ರಲ್ಲಿ ಮಿರಾಯ್ ಎಂಬ ಹುಳು ಅರವತ್ತರಷ್ಟು ಫ್ಯಾಕ್ಟರಿ ಪಾಸ್‌ವರ್ಡುಗಳ ಪಟ್ಟಿ ಇಟ್ಟುಕೊಂಡೇ ಲಕ್ಷಾಂತರ ಡಿವಿಆರ್, ಕ್ಯಾಮೆರಾ, ರೂಟರುಗಳ ಒಳಗೆ ಹೊಕ್ಕಿತು. ಆ ವರ್ಷ ಅಕ್ಟೋಬರ್ 21ರಂದು ಅವುಗಳಿಂದಲೇ ತಾಣಗಳ ಹೆಸರಿಗೆ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ದಾಳಿ ನಡೆದು ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಎಲ್ಲ ತಾಸುಗಟ್ಟಲೆ ತಡವರಿಸಿದವು. 2021ರಲ್ಲಿ ಹಿಕ್‌ವಿಷನ್ ಉಪಕರಣಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಒಳಗೆ ಬರಬಹುದಾದ ಲೋಪ ಬಯಲಾಯಿತು. ಹಾಗಾಗಿ ನನ್ನ ಮಾತು ಕೇಳುವುದಾದರೆ ಡಿವಿಆರಿನ ಪುಟ, ರಿಮೋಟ್ ಡೆಸ್ಕ್‌ಟಾಪ್‌ನ 3389, ಫೈಲ್ ಶೇರಿಂಗಿನ 445, ರೂಟರಿನ ಅಡ್ಮಿನ್ ಪುಟ ಇವನ್ನು ನೇರವಾಗಿ ತೆರೆಯಲೇಬೇಡಿ. ವಿಪಿಎನ್‌ಗೆ (ಹೊರಗಿರುವ ಫೋನನ್ನು ಮನೆಯ ಜಾಲಕ್ಕೆ ಸೇರಿಸುವ, ಬೀಗ ಹಾಕಿದ ಸುರಂಗ) ಒಂದೇ ಪೋರ್ಟ್ ತೆರೆದು, ಉಳಿದದ್ದೆಲ್ಲ ಅದರ ಒಳಗಿನಿಂದ ಬರಲಿ. ಡಿಎಂಝಡ್ ಅಂತೂ ಪರೀಕ್ಷೆಗೂ ಬೇಡ.

ಗೇಟ್‌ವೇ ತಪ್ಪಿದ ಡಿವಿಆರ್

ಇದೊಂದು ದೋಷವನ್ನು ಬಿಡಿಸಿ ಹೇಳಲೇಬೇಕು. ಯಾಕೆಂದರೆ ಇದರಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಕ್ಯಾಮೆರಾ ಹಾಕಲು ಬಂದ ಹುಡುಗ ಡಿವಿಆರಿಗೆ ಕೈಯಾರೆ ಐಪಿ ಬರೆದು ಹೋಗಿರುತ್ತಾನೆ: ವಿಳಾಸ 192.168.1.50, ಸಬ್‌ನೆಟ್ ಮಾಸ್ಕ್ 255.255.255.0. ಗೇಟ್‌ವೇ, ಅಂದರೆ ಹೊರಗೆ ಹೋಗುವುದನ್ನು ಕೊಡಬೇಕಾದ ರೂಟರಿನ ವಿಳಾಸ, ಬರೆಯುವ ಜಾಗದಲ್ಲಿ ಏನೂ ಇಲ್ಲ, ಇಲ್ಲವೇ ಆಗ ಇದ್ದ ಹಳೆಯ ರೂಟರಿನ ವಿಳಾಸ ಇರುತ್ತದೆ. ಮನೆಯ ಟಿವಿಯಲ್ಲಿ ಚಿತ್ರ ಬರುತ್ತದೆ, ಮನೆಯ ಫೋನಿನಲ್ಲೂ ಬರುತ್ತದೆ. ಮನೆಯೊಳಗಿನವರ ಜೊತೆ ಮಾತಾಡಲು ಡಿವಿಆರಿಗೆ ಗೇಟ್‌ವೇ ಬೇಕಿಲ್ಲ, ಎಲ್ಲರೂ ಒಂದೇ ಸಬ್‌ನೆಟ್‌ನಲ್ಲಿ, ಅಂದರೆ 192.168.1ರಿಂದ ಶುರುವಾಗುವ ಒಂದೇ ವಿಳಾಸಗಳ ಗುಂಪಿನಲ್ಲಿ, ಇದ್ದಾರೆ.

ಈಗ ಬೆಂಗಳೂರಿನಿಂದ ಕೋರಿಕೆ ಬಂತು ಎನ್ನಿ. ರೂಟರ್ ಅದನ್ನು ಸರಿಯಾಗಿಯೇ 50ಕ್ಕೆ ಕಳಿಸಿತು. ಡಿವಿಆರಿಗೂ ಮುಟ್ಟಿತು. ಅದು ಉತ್ತರ ಕೊಡಲು ಹೊರಟಿತು. ಉತ್ತರ ಹೋಗಬೇಕಾದ ವಿಳಾಸ ಮನೆಯ ಸಬ್‌ನೆಟ್‌ನಲ್ಲಿ ಇಲ್ಲ. ಹಾಗಾದರೆ ಗೇಟ್‌ವೇಗೆ ಕೊಡಬೇಕು. ಗೇಟ್‌ವೇ ಖಾಲಿ! ಉತ್ತರ ಅಲ್ಲೇ ಸತ್ತಿತು. ಬೆಂಗಳೂರಿನಲ್ಲಿ ಕಾಣುವುದು ಬರೀ ಟೈಮ್ ಔಟ್. ರೂಟರಿನ ಪುಟದಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ, ಅಲ್ಲಿ ತಪ್ಪೇ ಇಲ್ಲವಲ್ಲ.

ಪರೀಕ್ಷೆ ಸುಲಭ. ಡಿವಿಆರಿನ ನೆಟ್‌ವರ್ಕ್ ಮೆನುಗೆ ಹೋಗಿ, ಅಲ್ಲಿರುವ ಗೇಟ್‌ವೇಯನ್ನೂ ಮನೆಯ ಫೋನಿನ ವೈಫೈ ವಿವರದಲ್ಲಿರುವ ಗೇಟ್‌ವೇಯನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಇರಬೇಕು. ಫೈಬರ್ ಕಂಪನಿ ಬದಲಿಸಿದಾಗ ಇದು ಕೆಡುವುದು ಸಾಮಾನ್ಯ. ಹಳೆಯ ಡಬ್ಬಿ 192.168.1.1 ಆಗಿತ್ತು, ಹೊಸದು 192.168.29.1 ಅಥವಾ 192.168.0.1. ಆಗ ಡಿವಿಆರಿನ ಐಪಿಯೂ ಹೊಸ ಗುಂಪಿಗೆ ಬರಬೇಕು. ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರ್) ಜಾಗವೂ ಖಾಲಿಯಿದ್ದರೆ ತುಂಬಿಸಿ, ಇಲ್ಲದಿದ್ದರೆ ಕ್ಯೂಆರ್ ಮೂಲಕ ನೋಡುವ ಆ್ಯಪ್ ಕೂಡ ಆಫ್‌ಲೈನ್ ಎನ್ನುತ್ತದೆ. ಕೈಯಾರೆ ಬರೆಯುವ ಬದಲು ಡಿಎಚ್‌ಸಿಪಿ ಆನ್ ಮಾಡಿ ರೂಟರಿನಲ್ಲಿ ರಿಸರ್ವೇಶನ್ ಮಾಡಿದರೆ ಈ ರಗಳೆಯೇ ಇಲ್ಲ.

ನಿರಾಕರಣೆಯೋ, ಮೌನವೋ

ಹೊರಗಿನಿಂದ ತೆರೆದಾಗ ಬರುವ ಎರರ್ ಏನು ಎಂದು ಓದಿ. ಸುಮ್ನೆ "ಬರ್ತಿಲ್ಲ" ಎಂದುಬಿಟ್ಟರೆ ಅರ್ಧ ಸುಳಿವು ಕಳೆದುಕೊಂಡಂತೆ.

ಕನೆಕ್ಷನ್ ರಿಫ್ಯೂಸ್ಡ್ ಎಂದು ತಕ್ಷಣ ಬಂದರೆ ಯಾವುದೋ ಯಂತ್ರ ನಿಮ್ಮ ಕೋರಿಕೆಯನ್ನು ಪಡೆದು "ಇಲ್ಲಿ ಆ ಪೋರ್ಟಿನಲ್ಲಿ ಯಾರೂ ಇಲ್ಲ" ಎಂದು ಉತ್ತರಿಸಿದೆ. ಮೊಬೈಲ್ ಡೇಟಾದಿಂದ ನೋಡುತ್ತಿದ್ದು, ವಿಳಾಸವೂ ನಿಮ್ಮದೇ ಆಗಿದ್ದರೆ ಇದು ಒಳ್ಳೆಯ ಸುದ್ದಿ: ದಾರಿ ಕನಿಷ್ಠ ರೂಟರಿನ ತನಕ ಸರಿಯಿದೆ. ಪ್ರೋಗ್ರಾಂ ಓಡುತ್ತಿದೆಯೇ, ಪೋರ್ಟ್ ಸರಿಯೇ ನೋಡಿ. ಕಂಪ್ಯೂಟರಿನಲ್ಲಿ ನೆಟ್‌ಸ್ಟ್ಯಾಟ್ ಆಜ್ಞೆ ಕೊಟ್ಟಾಗ ಆ ಪೋರ್ಟ್ 127.0.0.1ರ ಮೇಲೆ ಮಾತ್ರ ಕೇಳುತ್ತಿದ್ದರೆ ಪ್ರೋಗ್ರಾಂ ತನ್ನ ಯಂತ್ರಕ್ಕೆ ಬಿಟ್ಟು ಬೇರೆ ಯಾರಿಗೂ ಓಗೊಡುವುದಿಲ್ಲ. 0.0.0.0 ಎಂದಿರಬೇಕು.

ಬಹಳ ಹೊತ್ತು ಕಾಯಿಸಿ ಟೈಮ್ ಔಟ್ ಆದರೆ ಕೋರಿಕೆ ಅಥವಾ ಉತ್ತರ ದಾರಿಯಲ್ಲೇ ಬಿದ್ದುಹೋಗಿದೆ. ಸಿಜಿನ್ಯಾಟ್, ತಪ್ಪು ಒಳವಿಳಾಸ, ಗೇಟ್‌ವೇ, ಫೈರ್‌ವಾಲ್ (ಹೊರಗಿನಿಂದ ಬರುವುದನ್ನು ತಡೆಯುವ ಕಾವಲು) ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ಮೊದಲ ಮೂರನ್ನು ಆಗಲೇ ನೋಡಿದ್ದಾಯಿತು. ವಿಂಡೋಸ್ ಯಂತ್ರವಾದರೆ ಮನೆಯ ನೆಟ್‌ವರ್ಕ್ "ಪಬ್ಲಿಕ್" ಎಂದು ಗುರುತಾಗಿದೆಯೇ ನೋಡಿ, "ಪ್ರೈವೇಟ್" ಮಾಡಿ. ವಿಂಡೋಸ್ ಪಿಂಗ್‌ಗೆ (ಇದ್ದೀಯಾ ಎಂದು ಕೇಳುವ ಚಿಕ್ಕ ಸಂದೇಶ) ಉತ್ತರ ಕೊಡಲಿಲ್ಲ ಎಂದು ಯಂತ್ರ ಆಫ್ ಆಗಿದೆ ಎಂದು ತೀರ್ಮಾನಿಸಬೇಡಿ. ಪಿಂಗ್ ತಡೆಯುವುದು ಅದರ ಫೈರ್‌ವಾಲಿನ ಅಭ್ಯಾಸ. ಇನ್ನೊಂದು, ರಿಮೋಟ್ ಡೆಸ್ಕ್‌ಟಾಪ್‌ನಿಂದ ಒಳಗೆ ಬಿಟ್ಟುಕೊಳ್ಳುವ ಸೌಲಭ್ಯ ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಇಲ್ಲವೇ ಇಲ್ಲ, ಪ್ರೊ ಬೇಕು. ಲ್ಯಾಪ್‌ಟಾಪ್ ಜೊತೆ ಹೋಮ್ ಬಂದಿರುವುದೇ ಹೆಚ್ಚು.

ಹೆಸರು ಮತ್ತು ಕರೆಂಟು

ನಿನ್ನೆ ತನಕ ಬರುತ್ತಿತ್ತು, ಇವತ್ತು ಇಲ್ಲ ಎಂದರೆ ರಾತ್ರಿ ಕರೆಂಟ್ ಹೋಗಿತ್ತಾ ಕೇಳಿ. ರೂಟರ್ ಮತ್ತೆ ಶುರುವಾದಾಗ ಹೊರವಿಳಾಸ ಬದಲಾಗಿರಬಹುದು. ಅದಕ್ಕೇ ಡಿಡಿಎನ್‌ಎಸ್ ಹೆಸರು, ಅಂದರೆ ವಿಳಾಸ ಬದಲಾದಾಗಲೆಲ್ಲ ಹೊಸದನ್ನೇ ತೋರಿಸುವ ಒಂದು ಹೆಸರು, ಬೇಕಾಗುವುದು. ಎನ್‌ಎಸ್‌ಲುಕಪ್ ಆಜ್ಞೆಗೆ ನಿಮ್ಮ ಹೆಸರನ್ನು ಕೊಟ್ಟು, ಬಂದ ವಿಳಾಸವನ್ನು ರೂಟರಿನ ಈಗಿನ ವಿಳಾಸದ ಜೊತೆ ಹೋಲಿಸಿ. ಬೇರೆ ಇದ್ದರೆ ಡಿಡಿಎನ್‌ಎಸ್ ಪಾಸ್‌ವರ್ಡ್ ತಪ್ಪಿದೆ ಅಥವಾ ಖಾತೆ ನಿಂತಿದೆ. ಇಂಥ ಹೆಸರು ಕೊಡುವ ನೋ-ಐಪಿಯಲ್ಲಿ ಉಚಿತ ಹೆಸರನ್ನು 30 ದಿನಕ್ಕೊಮ್ಮೆ ಖಚಿತಪಡಿಸದಿದ್ದರೆ ಅದು ಕೈಬಿಟ್ಟು ಹೋಗುತ್ತದೆ. ಸಿಜಿನ್ಯಾಟ್ ಇದ್ದವರಿಗೆ ಡಿಡಿಎನ್‌ಎಸ್‌ನಿಂದ ಏನೂ ಉಪಯೋಗವಿಲ್ಲ, ಹೆಸರು ಎಲ್ಲರ ವಿಳಾಸಕ್ಕೇ ಹೋಗುತ್ತದೆ.

ಕಂಪ್ಯೂಟರ್ ತಾನೇ ಆನ್ ಆಗಬೇಕಾದರೆ ಬಯಾಸ್‌ನಲ್ಲಿ (ಕಂಪ್ಯೂಟರಿನ ಮೂಲ ಸೆಟ್ಟಿಂಗುಗಳ ಪುಟ) ಕರೆಂಟ್ ಬಂದಾಗ ಶುರುವಾಗುವ ಆಯ್ಕೆಯನ್ನು ಆನ್ ಮಾಡಿ, ಸ್ಲೀಪ್ ಆಫ್ ಮಾಡಿ. ಫೈಬರ್ ಡಬ್ಬಿಗೂ ರೂಟರಿಗೂ 12 ವೋಲ್ಟ್‌ನ ಚಿಕ್ಕ ಯುಪಿಎಸ್ ಸಿಗುತ್ತದೆ. ಮಳೆಗಾಲದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇಲ್ಲ.

ಹೊರವಿಳಾಸ ಸಿಗದಿದ್ದರೆ

ಸ್ಟ್ಯಾಟಿಕ್ ಐಪಿ ಕೊಡುತ್ತಾರೆಂದರೆ ಸರಿ, ದುಡ್ಡು ಕೊಟ್ಟು ಮುಗಿಸಿ. ಇಲ್ಲದಿದ್ದರೆ ಮೊದಲು ಐಪಿವಿ6, ಅಂದರೆ ವಿಳಾಸಗಳಿಗೆ ಕೊರತೆಯಿಲ್ಲದ ಹೊಸ ಪದ್ಧತಿ, ಇದೆಯೇ ನೋಡಿ. ನಮ್ಮಲ್ಲಿ ದೊಡ್ಡ ಸೇವೆಯವರು ಇದನ್ನು ಮನೆಗಳಿಗೆ ಕೊಡುತ್ತಿದ್ದಾರೆ. ಕಂಪ್ಯೂಟರಿನಲ್ಲಿ ಐಪಿಕಾನ್ಫಿಗ್ ಕೊಟ್ಟಾಗ 2ರಿಂದ ಶುರುವಾಗುವ ಉದ್ದನೆಯ ವಿಳಾಸ ಕಂಡರೆ ಆ ಯಂತ್ರಕ್ಕೆ ಸ್ವಂತ ಹೊರವಿಳಾಸವೇ ಇದೆ, ನಡುವೆ ಸಿಜಿನ್ಯಾಟ್ ಇಲ್ಲ. ಎಫ್‌ಇ80ರಿಂದ ಶುರುವಾಗುವುದು ಮನೆಯೊಳಗಿನದ್ದು, ಲೆಕ್ಕಕ್ಕಿಲ್ಲ. ಇಲ್ಲಿ ಫಾರ್ವರ್ಡಿಂಗ್ ಬೇಡ, ರೂಟರಿನ ಐಪಿವಿ6 ಫೈರ್‌ವಾಲಿನಲ್ಲಿ ಆ ಯಂತ್ರದ ಆ ಪೋರ್ಟಿಗೆ ಅನುಮತಿ ಬರೆಯಬೇಕು. ತೊಡಕೆಂದರೆ ಕೆಲವು ಡಬ್ಬಿಗಳಲ್ಲಿ ಆ ಮೆನುವೇ ಇರುವುದಿಲ್ಲ. ಮತ್ತೆ ನೀವು ಕೂತಿರುವ ಆಫೀಸಿನ ನೆಟ್‌ವರ್ಕಿನಲ್ಲಿ ಐಪಿವಿ6 ಇಲ್ಲದಿದ್ದರೆ ಅಲ್ಲಿಂದ ಮನೆ ಸಿಗುವುದಿಲ್ಲ. ಮೊಬೈಲ್ ಡೇಟಾದಲ್ಲಿ ಸಿಕ್ಕಿ ಆಫೀಸಿನಲ್ಲಿ ಸಿಗದಿದ್ದರೆ ಕಾರಣ ಇದೇ.

ಬಹುಪಾಲು ಜನರಿಗೆ ನಾನು ಹೇಳುವುದು ಟೈಲ್‌ಸ್ಕೇಲ್ ಅಥವಾ ಝೀರೋಟಿಯರ್ ಎಂಬ ವಿಪಿಎನ್ ಥರದ ಪ್ರೋಗ್ರಾಂ. ಮನೆಯ ಯಂತ್ರವೇ ಒಳಗಿನಿಂದ ಹೊರಗೆ ಸಂಪರ್ಕ ಹಿಡಿದಿಟ್ಟುಕೊಳ್ಳುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಡಿವಿಆರಿನಲ್ಲಿ ಇದನ್ನು ಹಾಕಲಾಗದು, ಆದ್ದರಿಂದ ಸದಾ ಆನ್ ಇರುವ ಒಂದು ರಾಸ್ಪ್‌ಬೆರಿ ಪೈ (ಅಂಗೈಯಗಲದ ಕಂಪ್ಯೂಟರ್) ಅಥವಾ ಹಳೆಯ ಕಂಪ್ಯೂಟರಿನಲ್ಲಿ ಹಾಕಿ, ಅದನ್ನು ಮನೆಯ ಇಡೀ ಸಬ್‌ನೆಟ್‌ಗೆ ದಾರಿ ಮಾಡಬೇಕು. ಟೈಲ್‌ಸ್ಕೇಲ್‌ನಲ್ಲಿ ಹೀಗೆ ಮಾಡಿದ ಮೇಲೂ ಪೈ ಸಿಗುತ್ತದೆ, ಡಿವಿಆರ್ ಸಿಗುವುದಿಲ್ಲ ಎಂದರೆ ಎರಡು ಕಡೆ ನೋಡಿ. ಪೈನಲ್ಲಿ ಐಪಿ ಫಾರ್ವರ್ಡಿಂಗ್ (ಬಂದದ್ದನ್ನು ಬೇರೆ ಯಂತ್ರಗಳಿಗೆ ದಾಟಿಸುವ ಆಯ್ಕೆ) ಆನ್ ಆಗಿದೆಯೇ? ಅಡ್ಮಿನ್ ಪುಟದಲ್ಲಿ ಆ ದಾರಿಗೆ ಒಪ್ಪಿಗೆ ಕೊಟ್ಟಿದ್ದೀರಾ? ಎರಡನೆಯದನ್ನು ಮರೆಯುವವರೇ ಜಾಸ್ತಿ. ಒಂದು ಲಾಭವೂ ಇದೆ: ಕೋರಿಕೆ ಪೈನ ಒಳವಿಳಾಸದಿಂದ ಬಂದಂತೆ ಕಾಣುವುದರಿಂದ ಡಿವಿಆರಿನ ಗೇಟ್‌ವೇ ತಪ್ಪಿದ್ದರೂ ಚಿತ್ರ ಬರುತ್ತದೆ.

ಆರು ತಿಂಗಳು ಚೆನ್ನಾಗಿ ನಡೆದು ಇದ್ದಕ್ಕಿದ್ದಂತೆ ನಿಂತರೆ ಆ ಯಂತ್ರದ ಕೀ (ಲಾಗಿನ್ ಗುರುತು) ಅವಧಿ ಮುಗಿದಿರಬಹುದು. ಟೈಲ್‌ಸ್ಕೇಲ್ ಸಾಮಾನ್ಯವಾಗಿ 180 ದಿನಕ್ಕೊಮ್ಮೆ ಮತ್ತೆ ಲಾಗಿನ್ ಕೇಳುತ್ತದೆ. ಊರಿನಲ್ಲಿರುವ ಯಂತ್ರಕ್ಕೆ ಮಾತ್ರ ಆ ಅವಧಿಯನ್ನು ಮೊದಲ ದಿನವೇ ತೆಗೆದುಬಿಡಿ, ಇಲ್ಲದಿದ್ದರೆ ಅದಕ್ಕೋಸ್ಕರ ಬಸ್ ಹತ್ತಬೇಕಾದೀತು. ಅಂದಹಾಗೆ ಟೈಲ್‌ಸ್ಕೇಲ್ ಕೊಡುವ ವಿಳಾಸಗಳೂ 100.64ರ ಗುಂಪಿನವೇ. ಕಂಪ್ಯೂಟರಿನಲ್ಲಿ ಅದನ್ನು ಕಂಡು ಸಿಜಿನ್ಯಾಟ್ ಎಂದುಕೊಳ್ಳಬೇಡಿ, ಸಿಜಿನ್ಯಾಟ್ ನೋಡಬೇಕಾದದ್ದು ರೂಟರಿನ ಪುಟದಲ್ಲಿ.

ವೈರ್‌ಗಾರ್ಡ್ ಸಿಕ್ಕಿಕೊಂಡಾಗ

ಹೊರವಿಳಾಸ ಇರುವವರು ರೂಟರಿನಲ್ಲೇ ವೈರ್‌ಗಾರ್ಡ್ ಎಂಬ ವಿಪಿಎನ್ ಹಾಕಿಕೊಳ್ಳಬಹುದು. ರೂಢಿಯ ಪೋರ್ಟ್ 51820, ಯುಡಿಪಿ. ಪೋರ್ಟ್ ಪರೀಕ್ಷಿಸುವ ತಾಣದಲ್ಲಿ ಇದನ್ನು ನೋಡಿ ಪ್ರಯೋಜನವಿಲ್ಲ, ಕೀ ಗೊತ್ತಿಲ್ಲದವರಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಲೇಟೆಸ್ಟ್ ಹ್ಯಾಂಡ್‌ಶೇಕ್ ಎಂಬ ಸಾಲು ನೋಡಿ. ಅಲ್ಲಿ ಸಮಯ ಬಂದಿದ್ದರೆ ಎರಡು ತುದಿ ಒಂದನ್ನೊಂದು ಮುಟ್ಟಿವೆ. ಕಳಿಸಿದ ಬೈಟುಗಳು ಏರುತ್ತಿದ್ದು ಬಂದದ್ದು ಸೊನ್ನೆಯಲ್ಲೇ ನಿಂತಿದ್ದರೆ ಪೋರ್ಟ್, ವಿಳಾಸ ಇಲ್ಲವೇ ಕೀ ತಪ್ಪಿದೆ. ಒಂದು ಕಡೆಯ ಪಬ್ಲಿಕ್ ಕೀ ಇನ್ನೊಂದು ಕಡೆ ಇರಬೇಕು, ತನ್ನದನ್ನೇ ತನಗೆ ಬರೆದುಕೊಳ್ಳುವುದು ಸಾಮಾನ್ಯ ತಪ್ಪು.

ಹ್ಯಾಂಡ್‌ಶೇಕ್ ಆಗಿ, ಡಿವಿಆರ್ ಮಾತ್ರ ತೆರೆಯದಿದ್ದರೆ ಅಲೋಡ್ ಐಪಿಸ್ (ವಿಪಿಎನ್ ಒಳಗೆ ಕಳಿಸಬೇಕಾದ ವಿಳಾಸಗಳು) ಸಾಲಿನಲ್ಲಿ ಮನೆಯ ಸಬ್‌ನೆಟ್ ಇದೆಯೇ ನೋಡಿ. ಇದ್ದೂ ಬರದಿದ್ದರೆ ನೀವು ಕೂತಿರುವ ಜಾಗದ ವೈಫೈ ಕೂಡ 192.168.1 ಆಗಿರಬಹುದು. ಫೋನು 192.168.1.50 ಅನ್ನು ಅಲ್ಲೇ ಅಕ್ಕಪಕ್ಕ ಹುಡುಕುತ್ತದೆ, ವಿಪಿಎನ್ ಒಳಗೆ ಕಳಿಸುವುದೇ ಇಲ್ಲ. ಮನೆಯ ಸಬ್‌ನೆಟ್ಟನ್ನು 192.168.47 ಥರದ, ಯಾರೂ ಇಡದ ಸಂಖ್ಯೆಗೆ ಬದಲಿಸುವುದೇ ಪರಿಹಾರ. ಇದನ್ನು ಊರಿಗೆ ಹೋದಾಗಲೇ ಮಾಡಿ. ದೂರದಿಂದ ಮಾಡಿದರೆ ಕೂತ ಕೊಂಬೆಯನ್ನೇ ಕಡಿದಂತೆ.

ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸಂಪರ್ಕ ಸತ್ತಿರುತ್ತದೆಯೇ? ಪರ್ಸಿಸ್ಟೆಂಟ್ ಕೀಪ್‌ಅಲೈವ್ (ಸಂಪರ್ಕ ಜೀವಂತವಿಡಲು ಆಗಾಗ ಕಳಿಸುವ ಚಿಕ್ಕ ಸಂದೇಶ) 25 ಸೆಕೆಂಡ್ ಕೊಡಿ. ಡಿವಿಆರಿನ ಲಾಗಿನ್ ಪುಟ ಬರುತ್ತದೆ, ವಿಡಿಯೊ ಒತ್ತಿದರೆ ನಿಂತುಬಿಡುತ್ತದೆಯೇ? ಅದು ಎಂಟಿಯು, ಅಂದರೆ ಒಂದು ಪ್ಯಾಕೆಟಿನ ಗರಿಷ್ಠ ಗಾತ್ರದ, ತೊಂದರೆ. ಚಿಕ್ಕ ಪ್ಯಾಕೆಟುಗಳು ದಾಟುತ್ತಿವೆ, ದೊಡ್ಡವು ದಾಟುತ್ತಿಲ್ಲ. ಪಿಪಿಪಿಒಇ ಲೈನಿನಲ್ಲಿ ಮಿತಿ 1492 ಬೈಟ್, ವೈರ್‌ಗಾರ್ಡ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ಮೊಬೈಲ್ ಜಾಲಗಳಲ್ಲಿ ಕೆಲವೊಮ್ಮೆ ಅದೂ ಜಾಸ್ತಿಯೇ. ಎರಡೂ ತುದಿಯಲ್ಲಿ 1280ಕ್ಕೆ ಇಳಿಸಿ ನೋಡಿ. ವಿಡಿಯೊ ಓಡಿದರೆ ಅಲ್ಲೇ ಬಿಡಬಹುದು, ಅಥವಾ 20ರಷ್ಟು ಏರಿಸುತ್ತಾ ಹೋಗಿ, ನಿಂತ ಕಡೆಯಿಂದ ಒಂದು ಮೆಟ್ಟಿಲು ಕೆಳಗೆ ಇಡಿ.